ಬೋರ್‌ವೆಲ್ ನೀರು ಬಿದ್ದ ಮೇಲೆ ವಿದೇಶಾಂಗ ನೀತಿ

ನಮ್ಮ ತಿಪಟೂರು ಸೀಮೆಯಲ್ಲಿ ತೆಂಗಿನ ಗರಿಗಳ ಸದ್ದಿಗೆ ಅರ್ಧ ಕಣ್ಣು ಮುಚ್ಚಿ ಕೂತಿದ್ದರೂ ಸಾಕು, ದೊಡ್ಡ ದೇಶಗಳ ಸಮಾಚಾರ ತಾನಾಗಿ ತೋಟದ ಬೇಲಿಯವರೆಗೂ ನಡೆದು ಬರುತ್ತದೆ. ನಾನು ಬರೆಯುತ್ತಿರುವುದು ಇದೇ ಮೊದಲು. ಗೊತ್ತಿರುವುದನ್ನೂ ಬಿಡಿಸಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಎಮ್ಮೆ ಕೊಡಿಸಿದ್ದು

ಎಂಬತ್ತನೇ ಇಸವಿಯ ಆಸುಪಾಸು. ಕಿಬ್ಬನಹಳ್ಳಿಯ ಬಸ್‌ಸ್ಟಾಪಿನ ಹೋಟೆಲು. ಹೋಟೆಲು ಅಂದರೆ ಎರಡು ಬೆಂಚು, ಒಂದು ರೇಡಿಯೋ. ಯಾವುದೋ ದೇಶ ಬೆಳೆಯುತ್ತ ಬೆಳೆಯುತ್ತ ನೆರೆಯವರ ಮೇಲೆ ಜೋರಾಗುತ್ತಿದೆ ಎಂದು ವಾರ್ತೆ ಬಂತು.

"ಮೊನ್ನೆವರೆಗೂ ಕೈಕಟ್ಟಿ ನಿಂತಿದ್ದೋರು, ಈಗ್ಯಾಕೆ ಸಾರ್ ಹಿಂಗೆ?" ಎಂದು ಹೋಟೆಲಿನವರು ಕೇಳಿದರು.

ಬೆಂಚಿನ ಮೇಲೆ ಕಾಫಿ ಕುಡಿಯುತ್ತಿದ್ದ ನಿವೃತ್ತ ಮೇಷ್ಟ್ರು ಲೋಟ ಕೆಳಗಿಟ್ಟರು. "ಕೈಗೆ ಬಲ ಬಂದ್ರೆ ಆಸೆ ಬೆಳೆಯುತ್ತೆ. ಕಳ್ಕೊಳ್ಳೋಕೆ ಏನಾದ್ರೂ ಇದ್ರೆ ಭಯಾನೂ ಬೆಳೆಯುತ್ತೆ. ಎರಡೂ ಸೇರಿದ್ರೆ ದನಿ ಏರುತ್ತೆ ಕಣಪ್ಪ."

ಹೋಟೆಲಿನವರು ಅಡುಗೆಮನೆಯಲ್ಲಿದ್ದ ಹೆಂಡತಿಯತ್ತ ನೋಡಿ ಮೆಲ್ಲಗೆ, "ಹಂಗಾದ್ರೆ ಇವಳಿಗೆ ಎಮ್ಮೆ ಕೊಡಿಸಿದ್ದೇ ತಪ್ಪಾಯ್ತು" ಎಂದರು.

ರಾಯಭಾರಿ

ನಮ್ಮ ಪಕ್ಕದ ತೋಟದವರು ಮೆತ್ತಗಿನ ಮನುಷ್ಯ. ನಮ್ಮ ಬಾವಿ ನೀರು ಕೇಳಲು ಬಂದರೆ ಬೇಲಿಯಾಚೆಯೇ ಚಪ್ಪಲಿ ಬಿಡುತ್ತಿದ್ದರು. ಅವರಿಗೆ ಬೋರ್‌ವೆಲ್‌ನಲ್ಲಿ ನೀರು ಬಿತ್ತು. ಬೆಳಗಿನ ಮಂಜಿನಲ್ಲಿ ಅದು ಹಾಲಿನ ಹಾಗೆ ಹರಿಯುವುದನ್ನು ನಾನೂ ಮೈಮರೆತು ನೋಡಿದ್ದೇನೆ. ಆಮೇಲೆ ಮುಳ್ಳುಬೇಲಿ ಬಂತು, ನಾಯಿ ಬಂತು, ಕೊನೆಗೆ ಅವರ ಭಾವಮೈದ ಬಂದ.

"ಇನ್ಮೇಲೆ ನಿಮ್ ಗಾಡಿ ನಮ್ ತೋಟದ ಮೇಲೆ ಹೋಗ್ಬಾರ್ದಂತೆ. ಭಾವ ಹೇಳ್ಕಳ್ಸಿದ್ರು."

"ಅವರೇ ಅಲ್ಲಿ ನಿಂತಿದಾರಲ್ಲಪ್ಪ?"

ನಾಲ್ಕು ಮರದಾಚೆಯಿಂದ ಭಾವ ಕೂಗಿದರು: "ನಾನು ನೇರವಾಗಿ ಮಾತಾಡಲ್ಲ ಅಂತಾನೂ ಹೇಳೋ ಅವ್ರಿಗೆ!"

ಮಾತುಕತೆ

ನಮಗದು ನಗುವ ವಿಷಯವಾಗಿರಲಿಲ್ಲ. ಬೇರೆ ಗಾಡಿದಾರಿಯೇ ಇರಲಿಲ್ಲ. ಕಿತ್ತ ಕಾಯಿ ಮನೆಯ ಅಟ್ಟ ಸೇರಿ, ತಿಂಗಳುಗಟ್ಟಲೆ ಒಣಗಿದರೆ ಕೊಬ್ಬರಿ. ತೋಟದಲ್ಲೇ ಬಿದ್ದು ಮಳೆಗೆ ಸಿಕ್ಕರೆ ಬರೀ ಮೊಳಕೆ. ಮೋಡ ಬೇರೆ ಕಟ್ಟಿತ್ತು. ಗಾಡಿಗೆ ಕಾಯಿ ತುಂಬಿ, ಎತ್ತು ಕಟ್ಟಿ, ಅವರ ಬೇಲಿ ಹತ್ತಿರ ನಿಂತು ಕೇಳಿಯೇಬಿಟ್ಟೆ: "ಯಾಕಣ್ಣ ಹಿಂಗೆ?"

ಅವರು ಹರಿಯುವ ನೀರಿನ ಕಡೆ ಕೈ ತೋರಿಸಿದರು. "ನಂಗೂ ಗೊತ್ತಿಲ್ಲ ಕಣಣ್ಣ. ನೀರು ಬಿದ್ದಾಗಿಂದ ಊರೋರೆಲ್ಲ ನನ್ ಮಾತು ಕೇಳ್ತಾರೆ. ಕೇಳೋರು ಇದ್ಮೇಲೆ ಏನಾದ್ರೂ ಹೇಳ್ಬೇಕಲ್ಲ."

"ಹಂಗಾದ್ರೆ 'ಗಾಡಿ ಬುಡ್ರಿ' ಅಂತ ಹೇಳಿ."

"ಜೋರಾಗಿ ಹೇಳ್ಬೋದಾ?"

"ಊರಿಗೇ ಕೇಳೋ ಹಂಗೆ ಹೇಳಿ."

ದಾರಿಗೆ ಹಾಕಿದ್ದ ಮುಳ್ಳನ್ನು ಭಾವಮೈದನಿಂದ ಎಳೆಸಿ, ಬದುವಿನ ಮೇಲೆ ಹತ್ತಿ, ಮೀಸೆ ತಿರುವಿ ಕೂಗಿದರು: "ಗಾಡಿ ಬುಡ್ರಲಾ!"

ಆ ಕೂಗಿಗೆ ಬೆದರಿದ ನಮ್ಮ ಎತ್ತುಗಳು ಕಾಯಿ ಸಮೇತ ಅವರ ತೋಟ ದಾಟಿ ಓಡಿ, ಹೊನ್ನವಳ್ಳಿ ರಸ್ತೆಯಲ್ಲಿ ಹೋಗಿ ನಿಂತವು.

ಅವರು ಭಾವಮೈದನ ಕಡೆ ತಿರುಗಿ, "ನೋಡ್ದೇನ್ಲಾ, ಎತ್ತುಗಳೂ ಕೇಳ್ತವೆ!" ಎಂದರು.