ಬೀಗರಿಗೆ ಕಣ್ಣೀರು ತರಿಸಿದ ಇಂಗ್ಲಿಷು

ಬ್ಯಾಡಗಿಯ ಮೆಣಸಿನಕಾಯಿ ದಲಾಲರಾದ ಅಣ್ಣಾಜಿಯವರು ಜೀವಮಾನದಲ್ಲಿ ಹೆದರಿದ್ದು ಎರಡಕ್ಕೇ. ಒಂದು ಇಂಗ್ಲಿಷು, ಇನ್ನೊಂದು ಧರ್ಮಪತ್ನಿ ಭಾಗೀರಥೀಬಾಯಿ. ಹೆಂಡತಿಯ ಭಯವೇನೋ ನೆಗಡಿಯ ಹಾಗೆ ರೂಢಿಯಾಗಿ ಹೋಗಿತ್ತು. ಇಂಗ್ಲಿಷಿನ ಭಯ ಮಾತ್ರ, ಮ್ಯಾಟ್ರಿಕ್ಕಿನಲ್ಲಿ ಅದು ಅವರನ್ನು ಮೇಲಿಂದ ಮೇಲೆ ಕೆಡವಿದಂದಿನಿಂದ ಹೊಟ್ಟೆಯೊಳಗೇ ಬಿಡಾರ ಹೂಡಿತ್ತು. ಅಂಗಡಿಗೆ ತಂತಿ ಬಂದರೆ (ಅದರಲ್ಲಿ 'ಮಾಲು ಮುಟ್ಟಿತು' ಎಂದಷ್ಟೇ ಇದ್ದರೂ) ಮೊದಲು ಒಂದು ತಂಬಿಗೆ ನೀರು ಕುಡಿದು, ಆಮೇಲೆ ಓದಿ ಹೇಳುವವರನ್ನು ಹುಡುಕಲು ಹೊರಡುತ್ತಿದ್ದರು.

ಇಂಥವರನ್ನು ಊರಿನ ಸೇವಾ ಕ್ಲಬ್ಬಿನವರು ಅಧ್ಯಕ್ಷರನ್ನಾಗಿ ಆರಿಸಿಬಿಟ್ಟರು. ಆಯ್ಕೆಯ ದಿನ ಅಣ್ಣಾಜಿ ಸಭೆಗೆ ಹೋಗಿರಲಿಲ್ಲ. ಬಾರದವರ ತಲೆಗೆ ಟೋಪಿ ಎಂಬುದು ಆ ಕ್ಲಬ್ಬಿನ ಅಲಿಖಿತ ಕಾನೂನು. ಪದಗ್ರಹಣದ ದಿನ ಹೊಸ ಅಧ್ಯಕ್ಷರು ಕೋಟು ತೊಟ್ಟು, ನಾಯಕತ್ವದ ಮೇಲೆ, ಇಂಗ್ಲಿಷಿನಲ್ಲಿ ಭಾಷಣ ಮಾಡಬೇಕೆಂಬುದು ಲಿಖಿತ ಕಾನೂನು. ಇಷ್ಟೇ ಆಗಿದ್ದರೆ ಜ್ವರದ ನೆಪ ಹೇಳಿ ಪಾರಾಗಬಹುದಿತ್ತು. ಆದರೆ ಮುಖ್ಯ ಅತಿಥಿಯೆಂದು ಕರೆದದ್ದು ಹಾವೇರಿಯ ಶ್ರೀಪಾದರಾವ್ ವಕೀಲರನ್ನು. ಮುಂಬಯಿಯ ಕೋರ್ಟುಗಳಲ್ಲಿ ತಲೆ ನರೆಸಿಕೊಂಡು ಈಚೆಗೆ ಊರಿಗೆ ಮರಳಿದ ಮನುಷ್ಯ. ಅವರ ಮಗನಿಗೇ ಅಣ್ಣಾಜಿ ತಮ್ಮ ಮಗಳು ವೈಜಯಂತಿಯನ್ನು ತೋರಿಸಿದ್ದರು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು. ವಕೀಲರು ಮಾತ್ರ, "ಮನೆತನ ಸುಶಿಕ್ಷಿತ ಅದನೋ ಇಲ್ಲೋ ನೋಡಬೇಕಲ್ರೀ. ನಿಮ್ಮ ಭಾಷಣ ಕೇಳಿ ಹೇಳ್ತೀನಿ," ಎಂದು ತೀರ್ಪು ಕಾಯ್ದಿರಿಸಿದ್ದರು.

ಅಂದೇ ರಾತ್ರಿ ಅಣ್ಣಾಜಿ ಊಟದ ತಾಟು ಸರಿಸಿ ಹೆಂಡತಿಯ ಮುಂದೆ ಅಳಲು ತೋಡಿಕೊಂಡರು.

"ನನ್ನ ಸಲುವಾಗಿ ವೈಜೂನ ಲಗ್ನ ಮುರೀತಂದ್ರ ನಾ ಹ್ಯಾಂಗ ಮಾರಿ ತೋರಿಸ್ಲೇ?"

"ಮುರಿಯೂದು ಆಮ್ಯಾಲ, ಮೊದಲ ಕಲೀರಿ," ಎಂದರು ಭಾಗೀರಥೀಬಾಯಿ. "ರಾಣೇಬೆನ್ನೂರಾಗ ಶಮಶೇರಸಾಬ ಮಾಸ್ತರು ಇದ್ದಾರಲ್ಲ, ಕತ್ತೆಗೂ ಇಂಗ್ಲಿಷ್ ಕಲಿಸ್ತಾರಂತ."

"ಕತ್ತೆಗೇನು, ಲಗ್ನಕ್ಕ ಬಂದ ಮಗಳಿರ್ತಾಳೇನು? ಅದು ನಿಶ್ಚಿಂತಿಲೆ ಕಲೀತದ," ಎಂದು ಅಣ್ಣಾಜಿ ಗೊಣಗಿದರೂ ರವಿವಾರದ ಬಸ್ಸು ಹತ್ತಿದರು.

ನಿವೃತ್ತ ಶಮಶೇರಸಾಬ ಮಾಸ್ತರರದು ಒಂದೇ ಸೂತ್ರ. "ಭಾಷಣ ನಾಯಕತ್ವದ ಮ್ಯಾಲ ಐತೆಲ್ರಿ? ಹಂಗಾರ ವ್ಯಾಕರಣಾನೂ ನಾಯಕತ್ವದ ಮ್ಯಾಲನ ಕಲಿಯೋಣು." ಲೀಡರ್ ನಾಮಪದವಾದ. ಲೀಡ್ ಕ್ರಿಯಾಪದವಾಯಿತು. ಬ್ರೇವ್, ವೈಸ್, ಆನೆಸ್ಟ್ ಎಂಬ ವಿಶೇಷಣಗಳು ಬಂದವು. "ಇವು ಯಾವ ಲೀಡರಗ ಒಪ್ತಾವ್ರಿ ಮಾಸ್ತರ?" ಎಂದು ಅಣ್ಣಾಜಿ ಕೇಳಿದರೆ, "ವ್ಯಾಕರಣದಾಗ ಎಲ್ಲಾರಿಗೂ ಒಪ್ತಾವ್ರಿ," ಎಂದರು ಮಾಸ್ತರರು. ಎ ಲೀಡರ್ ಲೆಡ್, ಎ ಲೀಡರ್ ಲೀಡ್ಸ್, ಎ ಲೀಡರ್ ವಿಲ್ ಲೀಡ್ ಎಂದು ಮೂರು ಕಾಲಗಳೂ ಕಂಠಪಾಠವಾದವು. ಕೊನೆಗೆ ಬಂದದ್ದು ಅಪ್ಪಣೆಯ ವಾಕ್ಯ. "ಲೀಡರ್ ಆದಂವ ಹುಕುಂ ಕೊಡಬೇಕ್ರಿ. ಮನ್ಯಾಗ ರೂಢಿ ಮಾಡ್ರಿ."

ಅಣ್ಣಾಜಿ ಮನೆಗೆ ಬಂದು ಪಡಸಾಲೆಯಲ್ಲಿ ನಿಂತು ಎದೆ ಸೆಟೆಸಿ, "ಬ್ರಿಂಗ್ ಟೀ!" ಎಂದು ಘರ್ಜಿಸಿದರು.

"ಏನಂದ್ರೀ?" ಅಡಿಗೆಮನೆಯಿಂದ ಧ್ವನಿ ಬಂತು.

"ಏನಿಲ್ಲ, ಏನಿಲ್ಲ... ನಿನಗೂ ಒಂದಿಷ್ಟು ಚಹಾ ಕುದಿಸ್ಲೇನು ಅಂತ ಕೇಳಿದೆ."

ಪದಗ್ರಹಣದ ದಿನ ಬಂದೇ ಬಂತು. ಮಧ್ಯಾಹ್ನ ಅಣ್ಣಾಜಿ ಕನ್ನಡಿಯ ಮುಂದೆ ನಿಂತು ಒಪ್ಪಿಸಿ ನೋಡಿದರು. ಬಾಯಿಪಾಠ ಮಾಡಿದ ಭಾಷಣದಲ್ಲಿ ಒಂದು ಸಾಲೂ ನೆನಪಿಗೆ ಬಾರದು. "ಇವತ್ತ ನನ್ನ ಮರ್ಯಾದಿ ಮಣ್ಣುಪಾಲಾತು," ಎಂದು ತಲೆಗೆ ಕೈ ಹೊತ್ತು ಕುಳಿತರು. ಭಾಗೀರಥೀಬಾಯಿ ಗಂಡನನ್ನು ಒಮ್ಮೆ ನೋಡಿ, ಹಿತ್ತಲ ಬಾಗಿಲಿಗೆ ಹೋಗಿ ಹಮಾಲ ಮೈಲಾರೆಪ್ಪನನ್ನು ಕೂಗಿದರು. ಕ್ಲಬ್ಬಿನ ಸಭಾಗೃಹಕ್ಕೂ ಅಣ್ಣಾಜಿಯವರ ಗೋದಾಮಿಗೂ ನಡುವೆ ಇದ್ದದ್ದು ಒಂದು ಸಣ್ಣ ಓಣಿ ಮಾತ್ರ.

"ಮೈಲಾರೆಪ್ಪಾ, ಸಂಜೀಕ ನಿಮ್ಮ ಸಾವಕಾರ್ರು ಭಾಷಣಕ್ಕ ಎದ್ದ ಕೂಡಲೆ ಮೆಣಸಿನಕಾಯಿ ರಾಶಿ ತೆಳಗ ಮ್ಯಾಲ ಹೊಳ್ಳಿಸಿ ಹಾಕ್ರಿ. ಖಿಡಕಿ ಎಲ್ಲಾ ತಗೀರಿ."

"ಮುಂಜಾನೆರ ಹೊಳ್ಳಿಸೇವಲ್ರಿ ಅವ್ವಾರ?"

"ಹೇಳಿದಷ್ಟು ಮಾಡೋ." ಆಮೇಲೆ ಗಂಡನ ಕಡೆ ತಿರುಗಿ, "ನೀವು ಎರಡು ಮಾತು ಆಡೂದ್ರಾಗ ಘಾಟಿಗೆ ವಕೀಲರು ಎದ್ದು ಓಡ್ತಾರ, ಸಭಾ ಬರಖಾಸ್ತ. ಕೇಳದ ಇದ್ದ ಭಾಷಣ ಕೆಟ್ಟದ್ದಿತ್ತು ಅಂತ ಯಾರು ಹೇಳ್ಲಿಕ್ಕೆ ಬರ್ತದ?"

(ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ ಎನ್ನುವವರಿದ್ದಾರೆ. ಅವರು ರಾಶಿ ಹೊಳ್ಳಿಸುವಾಗ ಗೋದಾಮಿನ ಬಾಗಿಲಲ್ಲಿ ನಿಂತು ಆ ಮಾತು ಹೇಳಲಿ.)

ಸಂಜೆ ಅಣ್ಣಾಜಿ ಮೈಕಿನ ಮುಂದೆ ನಿಂತರು. "ರೆಸ್ಪೆಕ್ಟೆಡ್ ಸರ್..." ಎಂದರು. ಮುಂದೆ ಪೂರ್ಣ ಕತ್ತಲೆ. ಅಷ್ಟರಲ್ಲಿ ಕಿಟಕಿಯಿಂದ ಘಾಟು ಮೆಲ್ಲಗೆ ಒಳಗೆ ಬಂತು. ಊರವರಾರೂ ಅಲುಗಲಿಲ್ಲ. ತೊಟ್ಟಿಲಲ್ಲೇ ಆ ಗಾಳಿ ಕುಡಿದ ಜನ. ಮೆಣಸಿನಕಾಯಿಯ ಘಾಟು ಇದೆ ಎಂಬುದೇ ಅವರಿಗೆ ಗೊತ್ತಾಗುವುದಿಲ್ಲ. ಮುಂದಿನ ಕುರ್ಚಿಯಲ್ಲಿದ್ದ ವಕೀಲರ ಮೂಗು ಮಾತ್ರ ಕೆಂಪಾಯಿತು, ಕಣ್ಣು ತುಂಬಿದವು.

'ಏಳ್ತಾರ, ಈಗ ಏಳ್ತಾರ,' ಎಂದು ಅಣ್ಣಾಜಿ ಕಾದರು. ವಕೀಲರು ಏಳಲಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಎದ್ದುಹೋಗಬಾರದು ಎಂಬ ಕೋರ್ಟಿನ ಶಿಸ್ತು ಅವರ ಎಲುಬಿಗೆ ಹತ್ತಿತ್ತು. ಅಣ್ಣಾಜಿಯವರಿಗೆ ಮಾತು ನಿಲ್ಲಿಸುವ ಧೈರ್ಯವಿಲ್ಲ, ಮುಂದುವರಿಸಲು ಮಾತಿಲ್ಲ. ಮಗಳ ಮುಖ ನೆನೆದು, ಜೀವ ಕೈಯಲ್ಲಿ ಹಿಡಿದು, ನೆನಪಿದ್ದ ಮೂರು ಕಾಲಗಳನ್ನೇ ಹಿಡಿದರು.

"ಎ ಲೀಡರ್... ಲೆಡ್," ಎಂದರು. ಧ್ವನಿ ನಡುಗುತ್ತಿತ್ತು. ವಕೀಲರ ಕಣ್ಣೀರು ಕೆನ್ನೆಗೆ ಇಳಿಯಿತು. "ಎ ಲೀಡರ್... ಲೀಡ್ಸ್." ವಕೀಲರು ಬಿಕ್ಕಿದರು. "ಎ ಲೀಡರ್... ವಿಲ್ ಲೀಡ್!" ವಕೀಲರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಅವರು ಎದ್ದು ಹೋಗಲೊಲ್ಲರು ಎಂದು ಅಣ್ಣಾಜಿ ಅದನ್ನೇ ಮತ್ತೊಮ್ಮೆ, ಇನ್ನೂ ಕರುಣಾಜನಕವಾಗಿ ಹೇಳಿ, "ಥ್ಯಾಂಕ್ಯೂ" ಎಂದು ಕುಸಿದು ಕುಳಿತರು. ಮುಂಬಯಿಯ ವಕೀಲರನ್ನೇ ಅಳಿಸಿದ ಮಾತೆಂದ ಮೇಲೆ ಕೇಳಬೇಕೆ? ಚಪ್ಪಾಳೆಗೆ ಸಭಾಗೃಹದ ತಗಡು ಅದುರಿತು.

ಊರಿಗೆ ಊರೇ ವಕೀಲರನ್ನು ನೋಡುತ್ತಿತ್ತು. ಹೆಂಗಸರು ಮಕ್ಕಳು ಸಹಿತ ಒಣ ಕಣ್ಣಿನಿಂದ ಕುಳಿತಿರುವಾಗ, ತಾನು ಮೆಣಸಿನಕಾಯಿಗೆ ಸೋತೆನೆಂದು ಯಾವ ವಕೀಲ ಒಪ್ಪಿಕೊಂಡಾನು? ಶ್ರೀಪಾದರಾಯರು ಮೂಗು ಒರೆಸಿಕೊಂಡು ಬಂದು ಅಣ್ಣಾಜಿಯವರನ್ನು ತಬ್ಬಿಕೊಂಡರು.

"ಎಷ್ಟು ಕಡಿಮಿ ಮಾತು, ಎಷ್ಟು ಆಳ! ನನ್ನ ಎದಿ ಕರಗಿಸಿಬಿಟ್ರಿ. ಲಗ್ನ ಪಕ್ಕಾ ಬೀಗರ!"

ಅಣ್ಣಾಜಿಯವರ ಕಣ್ಣಲ್ಲೂ ನೀರು ಬಂತು, ಆದರೆ ಅದು ಸಂತೋಷದ್ದು. ಬದುಕಿದೆ ಎಂದುಕೊಂಡರು. ಆ ಬದುಕು ಒಂದೇ ಗಳಿಗೆಯದಾಯಿತು.

"ಖರೇ ಹೇಳ್ತೀನಿ, ಹಾವೇರ್ಯಾಗ ಮನಸ್ಸು ಬಿಚ್ಚಿ ಇಂಗ್ಲಿಷಿನ್ಯಾಗ ಮಾತಾಡ್ಲಿಕ್ಕೆ ನನಗ ಒಬ್ಬರೂ ಇಲ್ರೀ," ಎಂದರು ವಕೀಲರು. "ಇನ್ನ ಮ್ಯಾಲ ನಮ್ಮ ನಿಮ್ಮ ಮಾತೆಲ್ಲಾ ಇಂಗ್ಲಿಷಿನ್ಯಾಗನ. ಪ್ರತಿ ರವಿವಾರ ನಮ್ಮ ಮನೀಗೆ ಬರ್ರಿ, ಇಡೀ ದಿವಸ ಕೂಡೋಣು... ಆಕ್ಷೀ! ನೀವ ಬರ್ರಿ. ಬ್ಯಾಡಗಿಗೆ ನಾ ಮಾತ್ರ ಬರೂದಿಲ್ಲ."

ಮನೆಗೆ ಬಂದ ಅಣ್ಣಾಜಿ ಕೋಟು ಬಿಚ್ಚದೆ ಹಾಸಿಗೆಯ ಮೇಲೆ ಬಿದ್ದುಕೊಂಡು ಕ್ಷೀಣ ಸ್ವರದಲ್ಲಿ ಕೇಳಿದರು: "ಅಲ್ಲಲೇ, ಬೀಗರ ಮನೀ ಹಿಂದ ಯಾವುದರೆ ಗೋದಾಮು ಅದನು?"

"ಬಾಳೀ ತ್ವಾಟ ಅದ. ಘಮ್ಮಂತ ತಂಪು ಗಾಳಿ ಬರ್ತದ."

"ಒಂದು ಚೀಲ ಮೆಣಸಿನಕಾಯಿ ಕಾಣಿಕಿ ಅಂತ ಒಯ್ದರ?"

"ಅವರ ಮನ್ಯಾಗ ಖಾರ ಮುಟ್ಟೂದಿಲ್ಲ. ಬೀಗಿತ್ತಿ ಮೊದಲ ಹೇಳ್ಯಾರ." ಭಾಗೀರಥೀಬಾಯಿ ಸೊಂಟಕ್ಕೆ ಸೆರಗು ಸಿಗಿಸಿದರು. ಇಷ್ಟು ದಿನ ಗಂಡ ಮನೆಯಲ್ಲಿ ಗಟ್ಟಿಯಾಗಿ ಒಪ್ಪಿಸುತ್ತಿದ್ದ ಪಾಠವನ್ನು ಗೋಡೆಯಾಚೆಯಿಂದ ಅವರೂ ಕೇಳಿದ್ದರು. "ಹೊತ್ತು ಅದ ಇನ್ನ. ರಾಣೇಬೆನ್ನೂರ ಬಸ್ಸು ಸಿಗ್ತದ, ಮಾಸ್ತರ ಮನೀಗೆ ಹೋಗ್ರಿ. ಗೆಟ್ ಅಪ್!"

ಅಣ್ಣಾಜಿ ಸ್ಪ್ರಿಂಗಿನಂತೆ ಎದ್ದು ನಿಂತರು. ಕಲಿತ ಅಷ್ಟೂ ಇಂಗ್ಲಿಷಿನಲ್ಲಿ, ಕೇಳಿದ ಕೂಡಲೇ ಅವರಿಗೆ ಅರ್ಥವಾದ ಮೊದಲ ವಾಕ್ಯ ಅದೇ.