ಪಂಜರ ಪೀಠದ ತೀರ್ಪು

"ಅರ್ಜಿ ಪುರಸ್ಕೃತ! ಈ ಕಾಲದಲ್ಲೂ ಹೀಗಾಗುತ್ತಾ?"

ಬೆಳಬೆಳಗ್ಗೆ ಕರಡು ಮಾಮ ಖಾಲಿ ಕೋಣೆಯನ್ನು ಕೇಳಿದ. ಹೊಸ ತೀರ್ಪುಗಳನ್ನೂ ಅವುಗಳ ಮೇಲಿನ ವ್ಯಾಖ್ಯಾನಗಳನ್ನೂ ಅಚ್ಚು ಹಾಕುವ ಮಾಸಪತ್ರಿಕೆಯೊಂದಕ್ಕೆ ಅವನು ಮನೆಯಲ್ಲೇ ಕೂತು ಕರಡು ತಿದ್ದುತ್ತಿದ್ದ. ತಿದ್ದುವುದೆಂದರೆ ಅಲ್ಪವಿರಾಮ, ಪೂರ್ಣವಿರಾಮಗಳ ಸಮೇತ ಗಟ್ಟಿಯಾಗಿ ಓದುವುದು. ವರ್ಷಗಟ್ಟಲೆ ಬರೀ 'ವಜಾ' ಓದಿ ಒಣಗಿದ್ದ ಗಂಟಲಿಗೆ ಈ ಮಾತು ಜೇನು ಸುರಿದಂತಾಯಿತು. ಆ ಒಂದು ಸಾಲನ್ನೇ ರಾಗ ಎಳೆದು ಮತ್ತೆ ಮತ್ತೆ ಓದಿದ.

"ಮೆಣಸಿನಕಾಯಿ ಕೊಡು, ಪೂರ್ಣವಿರಾಮ!" ಎಂದಿತು ಕಿಟಕಿಯಾಚೆ ಪಕ್ಕದ ಮನೆಯ ಬಾಲ್ಕನಿಯಲ್ಲಿದ್ದ ಗಿಣಿ.

ಮಾಮ ಥಟ್ಟನೆ ಪೆನ್ನನ್ನು ಕರಡಿನಿಂದ ಮೇಲೆತ್ತಿದ. ಕಿವಿಗೆ ಬಿದ್ದದ್ದನ್ನು ಕೈ ಬರೆದುಬಿಡುವುದು ಅವನ ರೋಗ. ಕಳೆದ ಸಂಚಿಕೆಯಲ್ಲಿ ಒಂದು ಆಸ್ತಿ ತೀರ್ಪಿನ ನಡುವೆ 'ಮೆಣಸಿನಕಾಯಿ ಕೊಡು' ಎಂದು ಅಚ್ಚಾಗಿ, ಅದರ ಪರವಾಗಿ ಒಬ್ಬ ವಕೀಲರು, ವಿರುದ್ಧವಾಗಿ ಇನ್ನೊಬ್ಬರು ಉದ್ದುದ್ದ ವ್ಯಾಖ್ಯಾನ ಬರೆದಿದ್ದರು. "ಇನ್ನೊಂದು ಮೆಣಸಿನಕಾಯಿ ಕಂಡ್ರೆ ನಿಮ್ಮ ಕೆಲಸ ಹೋಯ್ತು ಅಂತಾನೇ ತಿಳ್ಕೊಳ್ಳಿ" ಎಂದಿದ್ದರು ಸಂಪಾದಕರು. ಈ ಕರಡು ಸಂಜೆಗೆ ಹೋಗಬೇಕು.

ಮಾಮ ಗಿಣಿಯ ಒಡತಿ ದರ್ಜಿ ಅಕ್ಕನ ಬಾಗಿಲಿಗೆ ಓಡಿದ.

"ಅಕ್ಕಾ, ದಮ್ಮಯ್ಯ, ಗಿಣೀನ ಒಳಗಿಡಿ. ನನ್ನ ಹೊಟ್ಟೆ ಮೇಲೆ ಹೊಡೀತಿದೆ ಅದು."

"ಒಳಗೆ ಮಿಷನ್ ಸದ್ದಿಗೆ ಅದಕ್ಕೆ ತಲೆನೋವು ಮಾಮ. ಬೇಕಾದ್ರೆ ಅದರ ಹತ್ರಾನೇ ಅರ್ಜಿ ಹಾಕ್ಕೊಳ್ಳಿ. ಈ ಕಟ್ಟಡದ ಜಗಳ ಎಲ್ಲ ಅದೇ ತಾನೆ ತೀರಿಸೋದು?"

ಬಾಲ್ಕನಿಯಲ್ಲಿ ಮೇಲಿನ ಮನೆಯ ಮೇಷ್ಟ್ರು ಆಗಲೇ ಪಂಜರದ ಮುಂದೆ ಕೈಕಟ್ಟಿ ನಿಂತಿದ್ದರು. "ಮಹಾಸ್ವಾಮಿ, ಮೆಟ್ಟಿಲ ಮೇಲೆ ಚಪ್ಪಲಿ ಗೂಡು ಇಡೋಕೆ ಅಪ್ಪಣೆ ಆಗಬೇಕು."

"ಅರ್ಜಿ ವಜಾ, ಪೂರ್ಣವಿರಾಮ."

ಮೇಷ್ಟ್ರು ತಲೆ ಬಗ್ಗಿಸಿ ಪಕ್ಕಕ್ಕೆ ಸರಿದರು. ಮಾಮ ಬೆರಗಾದ.

"ಯಾವಾಗ್ಲೂ ವಜಾನೇ?"

"ಯಾವಾಗ್ಲೂ. ನೀವೇ ಅಲ್ವಾ ಪಾಠ ಹೇಳಿದ ಗುರುಗಳು?" ಎಂದು ನಕ್ಕಳು ಅಕ್ಕ.

ಮಾಮನ ತಲೆಯಲ್ಲಿ ದೀಪ ಹೊತ್ತಿತು. ಬೇಡವಾದದ್ದನ್ನೇ ಬೇಡಿಬಿಟ್ಟರಾಯಿತಲ್ಲ!

"ಅದು ಏನು ಹೇಳಿದ್ರೂ ನೀವು ಒಪ್ಕೋಬೇಕು, ಅಕ್ಕ."

"ಒಪ್ಕೊಂಡೆ. ನೀವು?"

"ನಾನೂ. ಮೇಷ್ಟ್ರೇ ಸಾಕ್ಷಿ."

ಪಂಜರವನ್ನು ಒಳಗೆ ಒಯ್ಯಲು ಒಂದು ಕೈಯನ್ನು ಕೊಕ್ಕೆಗೆ ಹಾಕಿಟ್ಟುಕೊಂಡೇ ಮಾಮ ನಿವೇದಿಸಿದ: "ಮಹಾಸ್ವಾಮಿ, ತಾವು ಜೀವ ಇರೋವರೆಗೂ ನನ್ನ ಕಿಟಕಿ ಪಕ್ಕದಲ್ಲೇ ಇರಬೇಕು ಅಂತ ಬೇಡ್ಕೊಳ್ತೀನಿ."

ಗಿಣಿ ಕತ್ತು ಓರೆ ಮಾಡಿ ಅವನನ್ನು ನೋಡಿತು. ಆಮೇಲೆ ಬೆಳಗಿನ ಅವನದೇ ರಾಗದಲ್ಲಿ, ಅವನು ಎಳೆದಷ್ಟೇ ಎಳೆದು ಹಾಡಿತು:

"ಅರ್ಜಿ ಪುರಸ್ಕೃತಾ…!"

ಮೇಷ್ಟ್ರು ಚಪ್ಪಾಳೆ ತಟ್ಟಿದರು. "ಅಪರೂಪದ ತೀರ್ಪು ಕಣ್ರೀ! ಇದಕ್ಕೊಂದು ವ್ಯಾಖ್ಯಾನ ಬರೀಲೇಬೇಕು."

"ಪಕ್ಕದಲ್ಲೇ ಅಂದ್ರಲ್ಲ ಮಾಮ, ದೂರ ಯಾಕೆ?" ಎನ್ನುತ್ತ ಅಕ್ಕ ಪಂಜರವನ್ನು ತಂದು ಅವನ ಕಿಟಕಿಯ ಸರಳಿಗೇ ಬಿಗಿದು ಕಟ್ಟಿ ಹೋದಳು.

ಮೇಜಿನ ಮೇಲೆ ಕರಡು, ಕರಡಿನ ಮೇಲೆ ಗಿಣಿಯ ನೆರಳು. ಮಾಮ ಪೆನ್ನು ಕೆಳಗಿಟ್ಟು ಎರಡೂ ಕೈ ಜೋಡಿಸಿದ.

"ಸಂಜೆ ತನಕ ಆದ್ರೂ ಬಾಯಿ ಮುಚ್ಕೊಂಡಿರಪ್ಪ, ನಿನ್ನ ಕಾಲಿಗೆ ಬೀಳ್ತೀನಿ."

"ಅರ್ಜಿ ವಜಾ" ಎಂದಿತು ಗಿಣಿ. "ಪೂರ್ಣವಿರಾಮ."