ಶಿದ್ರಾಮನ ಕೋರೆಹಲ್ಲು

"ಏನೋ ಶಿದ್ರಾಮ, ಇವ್ರು ಕರದಂಟು ತಿನ್ನಾಕ ಕುಂತಾರೋ, ಯಾರದರ ಮಣ್ಣಿಗೆ ಹೊಂಟಾರೋ?"

ರಾಜಪ್ಪ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಗೋಕಾಕದ ಪೇಟೆಯಲ್ಲಿ ಅವನ ಹೊಸ ಕರದಂಟಿನ ಅಂಗಡಿ ಮರುದಿನ ಬೆಳಿಗ್ಗೆ ತೆರೆಯುವುದಿತ್ತು. ಹೊರಗೋಡೆಯ ಮೇಲೆ ಅಪ್ಪ, ಅವ್ವ, ಇಬ್ಬರು ಮಕ್ಕಳು ಕರದಂಟು ತಿಂದು ಖುಷಿಪಡುವ ಚಿತ್ರ ಬೇಕೆಂದು ಕೊಣ್ಣೂರಿನ ಪೇಂಟರ್ ಶಿದ್ರಾಮನನ್ನು ಕರೆಸಿದ್ದ. ಈಗ ನೋಡಿದರೆ ನಾಲ್ಕೂ ಮಂದಿ ಬೇವಿನ ರಸ ಕುಡಿದವರ ಹಾಗೆ ಮುಖ ಹಿಂಡಿಕೊಂಡು ಕೂತಿದ್ದರು.

"ಹಲ್ಲು ಭಾಳ ನೋಯಾಕತ್ತೈತ್ರಿ," ಎಂದ ಶಿದ್ರಾಮ, ಕೆನ್ನೆ ಹಿಡಿದುಕೊಂಡು.

"ನಿಂದೋ, ಅವರದೋ?"

ಶಿದ್ರಾಮನ ಪಾಡೇ ಅದು. ಎದೆಯಲ್ಲಿ ಏನಿದೆಯೋ ಕೈ ಅದನ್ನೇ ಬರೆಯುತ್ತಿತ್ತು. ಮಗಳು ಹುಟ್ಟಿದ ವಾರ ಹುಕ್ಕೇರಿಯ ಒಂದು ಶಾಲೆಯ ಗೋಡೆಗೆ ಬರೆದ ಹುಲಿ ಎಷ್ಟು ಅಕ್ಕರೆಯಿಂದ ನೋಡುತ್ತಿತ್ತೆಂದರೆ, ಮಕ್ಕಳು ಅದಕ್ಕೆ ಊಟದ ಡಬ್ಬಿ ತೆರೆದು ತೋರಿಸುತ್ತಿದ್ದರು. ಹೆಂಡತಿಯ ಜೊತೆ ಜಗಳಾಡಿ ಬಂದು ಬರೆದ ಆಕಳನ್ನು ಕಂಡು ಮಂದಿ ರಸ್ತೆಯ ಆಚೆ ಬದಿಗೆ ಸರಿದು ಹೋಗುತ್ತಿದ್ದರು.

"ನೋಡು, ಬೆಲ್ಲ ತರಾಕ ಮೂಡಲಗಿಗೆ ಹೊಂಟೇನಿ. ಐದಕ್ಕ ಬರ್ತೇನಿ. ಇವ್ರು ನಕ್ಕಿದ್ರ ಮೂಡಲಗಿ, ಹುಕ್ಕೇರಿಯೊಳಗಿನ ನನ್ನ ಅಂಗಡಿ ಗೋಡೀನೂ ನಿಂದ. ಇಲ್ಲಂದ್ರ ಕೇದಾರಿನ್ನ ಕರಸ್ತೇನಿ," ಎಂದ ರಾಜಪ್ಪ.

ಕೇದಾರಿ ಫ್ಲೆಕ್ಸ್ ಮಾಡುವವನು. ಅವನ ಮಷೀನಿಗೆ ಹಲ್ಲುನೋವಿಲ್ಲ, ಹೆಂಡತಿಯೂ ಇಲ್ಲ. ಫ್ಲೆಕ್ಸ್ ಬಂದ ಮೇಲೆ ಶಿದ್ರಾಮನಿಗೆ ಒಂದು ಗೋಡೆ ಸಿಗುವುದೇ ಅಪರೂಪವಾಗಿತ್ತು. ಒಮ್ಮೆಲೇ ಮೂರು ಗೋಡೆ ಅಂದರೆ ಹಬ್ಬ.

ಬಾಜೂ ಚಹಾದಂಗಡಿಯ ಕಾಶೆವ್ವ ಓಡಿ ಬಂದು ಅವನ ಬಾಯಿಗೆ ಲವಂಗ ತುರುಕಿದಳು. "ಕಚ್ಚಿ ಹಿಡಿ ತಮ್ಮಾ." ಕಚ್ಚಿದ. ಕಣ್ಣಲ್ಲಿ ನೀರು ಬಂತು. ಚಿತ್ರದ ಅವ್ವನ ಕಣ್ಣಲ್ಲೂ ಬಂತು. ಮೊಬೈಲ್ ರಿಪೇರಿಯ ಉಮೇಶ ನಗೆಯ ವಿಡಿಯೋ ಹಚ್ಚಿ ಮುಖಕ್ಕೆ ಹಿಡಿದ. ಶಿದ್ರಾಮ ನಕ್ಕ, ನಕ್ಕಾಗೊಮ್ಮೆ ಹಲ್ಲು ಚುಳ್ಳೆಂದಿತು. ಚಿತ್ರದ ಅಪ್ಪನಿಗೆ ಅರ್ಧ ಮುಖ ನಗುವಂತೆ, ಅರ್ಧ ಚೀರುವಂತೆ ಆಯಿತು.

"ಅಯ್ಯ, ಇಂವಗ ಲಕ್ವಾ ಹೊಡೀತು!" ಎಂದಳು ಕಾಶೆವ್ವ. "ಮ್ಯಾಲ ಹಲ್ಲಿನ ಡಾಕ್ಟರ್ ಅಕ್ಕಾರು ಅದಾರಲ್ಲ, ನಡಿ, ಕಿತ್ತಿ ಒಗದು ಬಾ."

ಅಂಗಡಿಯ ಮೇಲಿನ ಅಂತಸ್ತಿನಲ್ಲೇ ಡಾಕ್ಟರ್ ಅನ್ನಪೂರ್ಣಾ ಅವರ ದವಾಖಾನೆ. ಸ್ವಲ್ಪ ಹೊತ್ತಿನಲ್ಲಿ ಬಲಗಡೆಯ ಕೋರೆಹಲ್ಲು ಹೊರಗೆ ಬಂತು.

"ಹತ್ತಿ ಕಚ್ಚಿ ಹಿಡಕೋರಿ. ಸಂಜೀತನಾ ಮಾತಾಡಬ್ಯಾಡ್ರಿ," ಎಂದರು ಡಾಕ್ಟರು.

ಶಿದ್ರಾಮ ಮೆಟ್ಟಿಲಿಳಿದ ರೀತಿ ನೋಡಬೇಕಿತ್ತು, ಕೊರಳಗಂಟೆ ಕಟ್ಟಿದ ಕರುವಿನ ಹಾಗೆ! ನೋವಿದ್ದ ಜಾಗದಲ್ಲಿ ಈಗ ತಂಪು ಬಯಲು. ಹಳೆಯ ಮುಖಗಳ ಮೇಲೆ ಬಣ್ಣ ಬಳಿದು ಹೊಸದಾಗಿ ಬರೆದೇ ಬರೆದ. ನಾಲ್ಕೂ ಮಂದಿ ಬಾಯ್ತುಂಬ ನಕ್ಕರು. ಬಸ್ಸಿಗೆ ಹೊರಟವರು ನಿಂತರು, ತಾವೂ ನಕ್ಕರು.

"ಈಗ ಮದುವಿ ಮನಿ ಆತು ನೋಡು!" ಎಂದಳು ಕಾಶೆವ್ವ.

ಐದಕ್ಕೆ ಬಂದ ರಾಜಪ್ಪನೂ ದೂರದಿಂದಲೇ ನಕ್ಕ. ಹತ್ತಿರ ಬಂದ. ನಗು ನಿಂತಿತು.

"ಲೇ, ಈ ನಾಕೂ ಮಂದಿ ಕೋರೆಹಲ್ಲು ಎಲ್ಲಿ ಹೋದುವು?"

ಎಲ್ಲರೂ ಆಗ ನೋಡಿದರು. ಅಪ್ಪ, ಅವ್ವ, ಮಕ್ಕಳು, ಒಬ್ಬರಿಗೂ ಬಲಗಡೆಯ ಕೋರೆಹಲ್ಲಿರಲಿಲ್ಲ. ಸಂತೋಷ ಯಾವ ಕಿಂಡಿಯಿಂದ ಬಂದಿತ್ತೋ ಆ ಕಿಂಡಿಯನ್ನು ಶಿದ್ರಾಮನ ಕೈ ಬರೆಯದೆ ಬಿಟ್ಟಿರಲಿಲ್ಲ.

"ನನ್ನ ಕರದಂಟು ತಿಂದ್ರ ಹಲ್ಲು ಉದರ್ತಾವು ಅಂತ ಊರಿಗೆಲ್ಲಾ ಸಾರತೀಯೇನೋ?"

ಬಾಯಲ್ಲಿ ಹತ್ತಿ. ಅಲ್ಲ ಅನ್ನಲು ಹೋಗಿ "ಹ್ಞೂಂ... ಹ್ಞೂಂ..." ಎಂದ ಶಿದ್ರಾಮ.

"ಮ್ಯಾಲ ಹ್ಞೂಂ ಬ್ಯಾರೆ ಅಂತಾನ!"

ಶಿದ್ರಾಮ ಗಡಿಬಿಡಿಯಲ್ಲಿ ಬಿಳಿ ಬಣ್ಣಕ್ಕೆ ಕುಂಚ ಅದ್ದಿದ. ಅಷ್ಟರಲ್ಲಿ ರಾಜಪ್ಪ ಫೋನು ಕಿವಿಗೆ ಹಚ್ಚಿಯಾಗಿತ್ತು. "ಕೇದಾರಿ, ಮೂರೂ ಅಂಗಡೀದು ನೀನ ಮಾಡಪಾ."

ಆಗ, ಕೆನ್ನೆ ಊದಿ ಟವೆಲ್ ಕಟ್ಟಿಕೊಂಡಿದ್ದ ಒಬ್ಬ ಮುದುಕ ಬಸ್ಸಿಳಿದು ಬಂದ. ಗೋಡೆಯ ನಾಲ್ಕು ನಗುಮುಖಗಳನ್ನು ಒಂದು ಗಳಿಗೆ ನೋಡಿದ. ಯಾರನ್ನೂ ಏನೂ ಕೇಳದೆ ಅಂಗಡಿಯನ್ನು ದಾಟಿ, ದವಾಖಾನೆಯ ಮೆಟ್ಟಿಲು ಹತ್ತಿ ಹೋದ.